ಗದಿಗೆವ್ವನ ಕೌದಿ ಜಾಕೀಟು

ಹಳೇ ಬಟ್ಟೆ ಎಸೀಬ್ಯಾಡ್ರಿ ಎಂದು ಊರಿಗೆಲ್ಲ ಸಾರಲು ಹುಬ್ಬಳ್ಳಿಯಲ್ಲಿ ಫ್ಯಾಷನ್ ಮೇಳ! ಅದರ ಅಧ್ಯಕ್ಷೆ ಶಕುಂತಲಾಬಾಯಿ, ಹಳೇ ಸೀರೆಗಳ ತುಂಡು ಜೋಡಿಸಿ ಕೌದಿ ಹೊದಿಕೆ ಹೊಲಿಯುವ ಗದಿಗೆವ್ವನ ಮುಂದೆ ನಾಲ್ಕು ಹೊಚ್ಚಹೊಸ ಇಳಕಲ್ ಸೀರೆ ಎಸೆದರು.

"ಇವನ್ನ ಕತ್ತರಿಸಿ ನನಗೊಂದು ಕೌದಿ ಜಾಕೀಟು ಹೊಲಿ. ಹಳೇ ಬಟ್ಟಿ ಹಂಗ ಕಾಣಬೇಕು. ಆದರ ಮಂದಿ ಉಟ್ಟು ಬಿಟ್ಟಿದ್ದು ನನ್ನ ಮೈಗೆ ಬ್ಯಾಡವಾ! ಒಲ್ಲೆ ಅಂದ್ರ ಮೇಳದಾಗ ನಿನಗ ಸ್ಟಾಲ್ ಇಲ್ಲ."

ಹೊಸ ಸೀರೆಗೆ ಕತ್ತರಿ ಹಾಕಲು ಗದಿಗೆವ್ವನಿಗೆ ಕೈಯೇ ಬರಲಿಲ್ಲ. ಥಟ್ಟನೆ ಏನೋ ಹೊಳೆಯಿತು. ಸೀರೆಗಳನ್ನು ಬಗಲಲ್ಲಿ ಇಟ್ಟುಕೊಂಡು ಓಣಿಯೊಳಗೆ ಓಡಿದಳು.

ಮೇಳದ ದಿನ ಆ ಜಾಕೀಟಿಗೆ ಚಪ್ಪಾಳೆಯೋ ಚಪ್ಪಾಳೆ! ಶಕುಂತಲಾಬಾಯಿ ಮೈಕು ಹಿಡಿದು ಕೂಗಿದರು: "ನಮ್ಮ ಬಡ ಹೆಣ್ಮಕ್ಕಳು ಉಟ್ಟು ಬಿಟ್ಟ ಸೀರೀರಿ ಇವು! ನನಗ ಹಾಕ್ಕೊಳ್ಳಾಕ ಹೆಮ್ಮೆ!"

ಗದಿಗೆವ್ವ ಕಾಯುತ್ತಿದ್ದದ್ದು ಇದಕ್ಕೇ. ಮುಂದಿನ ಸಾಲಿನಿಂದ ಓಣಿಯ ನಾಲ್ವರು ಹೆಂಗಸರು ಎದ್ದುನಿಂತು ಚಪ್ಪಾಳೆ ಹೊಡೆದರು. ನಾಲ್ವರ ಮೈಮೇಲೂ ಬಾಯಾರ ಹೊಸ ಇಳಕಲ್!

ಬಾಯಾರು ವೇದಿಕೆ ಇಳಿದವರೇ ಗದಿಗೆವ್ವನ ರಟ್ಟೆ ಹಿಡಿದರು. "ಹಂಗಾರ ನಾ ಹಾಕ್ಕೊಂಡಿದ್ದು?"

"ಅವರ ಹಳೇ ಸೀರೀನ್ರಿ, ಬಾಯಾರ. ಅಷ್ಟು ಮಂದಿ ಮುಂದ ನೀವು ಸುಳ್ಳು ಹೇಳೂದು ನನಗ ನೋಡಾಕ ಆಗ್ತಿರಲಿಲ್ಲರಿ!"