ಹವಳದ ಬಂಡೆಯ ಮೀನಿಗೊಂದು ರುಜು

ಬಂದರಿನ ಬಂಗಲೆಯ ಅಡುಗೆಯವನು ಜಟ್ಟಪ್ಪ ಮೊಗೇರ, ಮೂರು ತಲೆಮಾರಿನಿಂದ ಕಡಲಿಗೆ ಇಳಿದ ಮನೆಯವನು. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಅವನು ಬುಟ್ಟಿಯಿಂದ ಬೇರೆ ತೆಗೆದಿಟ್ಟ ಚುಕ್ಕಿ ಚುಕ್ಕಿಯ ದುಂಡು ಮೀನನ್ನು ಕಂಡರು.

"ಮಧ್ಯಾಹ್ನಕ್ಕೆ ಇದನ್ನೇ ಸಾರು ಮಾಡು."

"ಬೇಡ ಸಾಹೇಬ್ರೇ, ಇದು ಹವಳದ ಬಂಡೆಯದ್ದು. ಗಿಣಿಕೊಕ್ಕಿನಂಥ ಹಲ್ಲು ನೋಡಿ, ಮೈಮೇಲೆ ಹುರುಪೆಯೂ ಇಲ್ಲ. ಹೆದರಿದರೆ ನೀರು ಕುಡಿದು ಉಬ್ಬುತ್ತದೆ. ಒಳಗೆಲ್ಲ ವಿಷ. ಹೂಳಲಿಕ್ಕೆ ಇಟ್ಟಿದ್ದೇನೆ."

"ಒಳ್ಳೇ ಮೀನನ್ನು ನೀನೇ ತಿನ್ನಲು ಕಥೆ ಕಟ್ಟುತ್ತೀಯಾ? ಮಾಡದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಜಟ್ಟಪ್ಪ ಬಂಗಲೆಯ ರಿಜಿಸ್ಟರ್ ತಂದು ಮುಂದಿಟ್ಟ.

"ಆಯ್ತು. ಅಡುಗೆಯವನು ವಿಷ ಎಂದರೂ ನಾನೇ ಮಾಡಿಸಿದೆ ಅಂತ ಬರೆದು ಒಂದು ರುಜು ಹಾಕಿ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೀನಿನ ಹಲ್ಲು ನೋಡಿದರು. ಮೆಲ್ಲಗೆ ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟರು.

"ಉಪ್ಪಿಟ್ಟು ಮಾಡ್ತೀಯಾ ಜಟ್ಟಪ್ಪ?"

ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಹೆಂಡತಿ ಕೇಳಿದಳು, "ರುಜು ಹಾಕಿಬಿಟ್ಟಿದ್ದರೆ?"

"ಹಾಕುವುದಿಲ್ಲ ಮಾರಾಯ್ತಿ," ಎಂದ ಜಟ್ಟಪ್ಪ, ರವೆ ಹುರಿಯುತ್ತಾ. "ಆ ಜಾತಿ ಉಬ್ಬುವುದು ಹೆದರಿಕೆಗೇ. ಅಪ್ಪ ನನಗೆ ಮೀನಿನ ಗುರುತು ಕಲಿಸಿದ್ದು ಸುಮ್ಮನೆ ಅಲ್ಲ."