ಕಾವ್ಯಕ್ಕೆ ಹಾಕಿದ ಕಾವಲು

“ನನ್ನ ಪದ್ಯ ಒಮ್ಮೆ ಕಿವಿಗೆ ಬಿದ್ದರೆ ಸಾಯುವವರೆಗೂ ಮರೆಯದು, ಪ್ರಭೂ! ಅದನ್ನೇ ಈ ಕಳ್ಳ ಕದ್ದಿದ್ದಾನೆ!” ಎಂದು ಆಸ್ಥಾನಕವಿ ಸರ್ವೋತ್ತಮ ಭಟ್ಟ ಅರಚಿದ.

ಕಳ್ಳ ಎನಿಸಿಕೊಂಡು ನಿಂತವರು ಊರ ಮಕ್ಕಳಿಗೆ ಓದು ಕಲಿಸುವ ಚೆನ್ನವೀರಯ್ಯ ಐಗಳು. ದಿನವೂ ಬೆಳಿಗ್ಗೆ ಕೋಟೆಯ ಬುರುಜು ಏರಿ ಗಟ್ಟಿಯಾಗಿ ಪಾಠ ಹೇಳುವುದು ಅವರ ಪದ್ಧತಿ. ಕೂಲಿಮಠದ ಮಕ್ಕಳಷ್ಟೇ ಅಲ್ಲ, ಬೀಸುವ ಹೆಂಗಸರು, ಮಗ್ಗದ ನೇಕಾರರು ಕೂತಲ್ಲಿಂದಲೇ ಕೇಳಿ ಒಪ್ಪಿಸುತ್ತಿದ್ದರು. ಷಟ್ಪದಿ ಎಂದರೇನೆಂದು ತಿಳಿಸಲು ಐಗಳು ಭಟ್ಟನ ಒಂದು ಪದ್ಯ ಹಾಡಿದ್ದರು. ಕವಿಯ ಹೆಸರನ್ನೂ ಹೇಳಿದ್ದರು.

“ಪಾಠಕ್ಕಾಗಿ ಹೇಳಿದೆ, ಪ್ರಭೂ.”

“ಯಾತಕ್ಕಾದರೂ ಆಗಲಿ! ಅಪ್ಪಣೆಯಿಲ್ಲದೆ ನನ್ನ ಪದ್ಯ ಉಸುರಿದವನು ಗಡೀಪಾರಾಗಬೇಕು.”

ದೊರೆ ಸಿರಿಯಪ್ಪನಾಯಕ ತನ್ನ ಆಸ್ಥಾನದ ಚತುರ ಗೋಣಪ್ಪನತ್ತ ನೋಡಿದ.

“ಕವಿಗಳ ಮಾತೇ ಮಾತು,” ಎಂದ ಗೋಣಪ್ಪ. “ಹಾಗೆಂದು ಈಗಲೇ ಊರಲ್ಲಿ ಡಂಗುರ ಹೊಡೆಸಿ. ಐಗಳನ್ನು ಮಾತ್ರ ನಾಳೆಯ ಕಾವ್ಯವಾಚನ ಮುಗಿದ ಮೇಲೆ ಊರು ಬಿಡಿಸೋಣ.”

ಭಟ್ಟ ಶಾಲು ಸರಿಪಡಿಸಿಕೊಂಡ.

ಮರುದಿನ ಸಭೆ ತುಂಬಿತ್ತು. ಐಗಳೂ ಒಂದು ಬದಿಗೆ ನಿಂತಿದ್ದರು. ಭಟ್ಟ ಮೊದಲ ಪದ್ಯ ಓದಿ, ‘ಭಲೇ’ಗಾಗಿ ಕಾದ. ಸದ್ದಿಲ್ಲ. ಇನ್ನೊಂದು ಓದಿದ. ಸೇನಬೋವ ಆಕಳಿಸಿದ. ಆಗ ಭಟ್ಟ ಕಣ್ಣರಳಿಸಿ ನೋಡಿದ: ಎಲ್ಲರ ಕಿವಿಯಲ್ಲೂ ಹತ್ತಿ. ನಾಯಕನ ಕಿವಿಯಲ್ಲೂ!

“ಏನಿದು ಅವಮಾನ!” ಎಂದು ಕೈ ಬೀಸಿ ಕೂಗಿದ.

ಗೋಣಪ್ಪ ಹತ್ತಿ ತೆಗೆದ. ಅವನನ್ನು ನೋಡಿ ಉಳಿದವರೂ ತೆಗೆದರು.

“ಭಯ, ಸ್ವಾಮಿ. ಒಮ್ಮೆ ಕೇಳಿದರೆ ಮರೆಯದು ಅಂದವರು ನೀವೇ. ಮರೆಯದ್ದು ಎಂದಾದರೂ ಬಾಯಿಗೆ ಬಂದೀತು. ನಿದ್ದೆಯಲ್ಲಿ ಕನವರಿಸಿದರೂ ಗಡೀಪಾರು. ನಾವೆಲ್ಲ ಹೆಂಡತಿ ಮಕ್ಕಳಿರುವವರು.”

ಹೊಗಳಿಕೆ ಕೈತಪ್ಪುವುದನ್ನು ಕಂಡು ಭಟ್ಟ ಅಂಗಲಾಚಿದ. “ಅಯ್ಯೋ, ಧೈರ್ಯವಾಗಿ ಕೇಳಿರಪ್ಪಾ! ಮನೆ ಮುಟ್ಟುವಷ್ಟರಲ್ಲಿ ಒಂದಕ್ಷರವೂ ನೆನಪಿರುವುದಿಲ್ಲ, ನನ್ನಾಣೆ!”

“ಕೇಳಿದಿರಾ, ಪ್ರಭೂ?” ಎಂದ ಗೋಣಪ್ಪ. “ಇಂಥ ಕಾವ್ಯದಲ್ಲೂ ಒಂದು ಪದ್ಯವನ್ನು ಊರಿನ ತಲೆಯಲ್ಲಿ ಉಳಿಸಿದವರು ಐಗಳು ಒಬ್ಬರೇ. ಅವರನ್ನೂ ಓಡಿಸಿದರೆ ಭಟ್ಟರಿಗೆ ದಿಕ್ಕು ಯಾರು?”

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಾಠಕ್ಕೆ ಹೇಳುವ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಕವಿಯ ಹೆಸರು ಹೇಳಿದರೆ ಸಾಕು. ಐಗಳೇ, ಬುರುಜು ನಿಮ್ಮದು.”

ಆಮೇಲೆ ಭಟ್ಟನತ್ತ ತಿರುಗಿ, “ಹೂಂ, ಮುಂದುವರಿಸಿ,” ಎಂದು ಹತ್ತಿಯನ್ನು ಮತ್ತೆ ಕಿವಿಗೆ ತುರುಕಿಕೊಂಡ.