ಬಾವುಟಕ್ಕೆ ನಿಂತ ಬ್ರೆಡ್ಡಿನ ವ್ಯಾನು

“ಗುರುಗಳೇ, ನಾನು ಮಠ ಬಿಟ್ಟು ಹೋಗಲೇ?” ಎಂದು ಶಿಷ್ಯ ಕರಿಬಸಯ್ಯ ಕೇಳಿದ.

ಏಕೆ ಎಂದು ಗುರುಗಳು ಕೇಳಿದರು. ತನ್ನ ಜೊತೆಗೆ ಬಂದವರು ಆರು ವರ್ಷಕ್ಕೆ ಪಾಠ ಮುಗಿಸಿ ಬೇರೆ ಊರುಗಳಲ್ಲಿ ತಾವೇ ಪಾಠ ಹೇಳುತ್ತಿದ್ದಾರೆ, ತಾನು ಬಂದು ಒಂಬತ್ತು ವರ್ಷ ತುಂಬಿದರೂ ಅರ್ಧ ಪುಸ್ತಕ ಉಳಿದಿದೆ ಎಂದ. ಓದಲು ಕೂತರೆ ಯಾರಾದರೂ ಬಾಗಿಲಿಗೆ ಬಂದು ಕರೆಯುತ್ತಾರೆ. ಒಬ್ಬರಿಗೆ ಅರ್ಜಿ ಬರೆದುಕೊಡಬೇಕು, ಇನ್ನೊಬ್ಬರಿಗೆ ಔಷಧದ ಚೀಟಿ ಓದಿ ಹೇಳಬೇಕು. ಎದ್ದು ಹೋಗುತ್ತಾನೆ, ತಿರುಗಿ ಬರುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ತನ್ನಂಥ ನಿಧಾನದವನಿಗೆ ಈ ದಾರಿ ಸಲ್ಲದು ಎಂದು ಅವನಿಗೆ ಖಚಿತವಾಗಿತ್ತು. ಹೇಳುವಾಗ ಅವನ ಕಣ್ಣು ತುಂಬಿ ಬಂತು.

ಕೂತುಕೋ, ಒಂದು ವ್ಯಾನಿನ ಕತೆ ಹೇಳುತ್ತೇನೆ ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಅವನ ಹತ್ತಿರ ಅಪ್ಪನ ಕಾಲದ ಒಂದು ವ್ಯಾನಿತ್ತು. ಗುಂಡು ಮೂತಿ, ಅಗಲ ಕಣ್ಣಿನಂಥ ಎರಡು ದೀಪ, ಮೈಗೆಲ್ಲ ಕೆನೆಯ ಬಣ್ಣ. ಪಕ್ಕದಲ್ಲಿ ಹಾದುಹೋಗುವವರು ಅದನ್ನು ಒಮ್ಮೆ ತಟ್ಟದೆ ಹೋಗುತ್ತಿರಲಿಲ್ಲ. ಚೆಲುವಿಗೆ ಕೊರತೆ ಇರಲಿಲ್ಲ, ವೇಗಕ್ಕೆ ಇತ್ತು. ಏರು ಬಂದರೆ ಸೈಕಲ್ಲಿನವರು ಅದನ್ನು ದಾಟುತ್ತಿದ್ದರು. ದಾಟುವಾಗ, ಮುಂದಿನ ಬೀದಿಯವರಿಗೆ ಏನಾದರೂ ಹೇಳಿ ಕಳಿಸುವುದಿದೆಯೇ ಎಂದು ಬೇಕರಿಯವನನ್ನು ಕೇಳುತ್ತಿದ್ದರು. ಅವನೂ ನಗುತ್ತಿದ್ದ.

ದಿನಾ ಬೆಳಿಗ್ಗೆ ಅವನು ಬ್ರೆಡ್ಡು ಬನ್ನು ತುಂಬಿಕೊಂಡು ಬೀದಿಬೀದಿ ಸುತ್ತುತ್ತಿದ್ದ. ರಸ್ತೆ ಬದಿಯಲ್ಲಿ ಯಾರು ಕೈಯೆತ್ತಿದರೂ ನಿಲ್ಲಿಸಬೇಕು, ಇದು ಅಪ್ಪ ಕಲಿಸಿದ್ದು. ಖಾಲಿ ವ್ಯಾನನ್ನು ಮನೆಯಿಂದ ಹೊರಡಿಸಬಾರದು, ಇದೂ ಅಪ್ಪ ಕಲಿಸಿದ್ದೇ. ನೆಂಟರ ಮದುವೆಗೆ ಹೊರಟರೂ ಹಿಂದೆ ಒಂದು ತಟ್ಟೆ ಬನ್ನು ಇಟ್ಟೇ ಹೊರಡುವ ಆಸಾಮಿ ಅವನು.

ಬೇಕರಿಯಲ್ಲಿ ಅವನ ಹೆಂಡತಿಯ ತಮ್ಮನಿಗೂ ಪಾಲಿತ್ತು. ಆತ ಚುರುಕಿನವನು, ಕೆಟ್ಟವನಲ್ಲ. ಹೊಸ ವ್ಯಾನು ತರೋಣ, ಇದನ್ನು ಗುಜರಿಗೆ ಹಾಕೋಣ ಎಂದು ವರ್ಷದಿಂದ ಹೇಳುತ್ತಿದ್ದ. ಬೇಕರಿಯವನು ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದ. ಆ ಊರಾಚೆ ಕಾರು ರೇಸಿನ ಟ್ರ್ಯಾಕೊಂದಿತ್ತು. ವರ್ಷಕ್ಕೊಂದು ದಿನ ಹಳೆಯ ವಾಹನಗಳನ್ನೂ ಅಲ್ಲಿ ಓಡಿಸಲು ಬಿಡುತ್ತಿದ್ದರು. ಹತ್ತು ನಿಮಿಷದೊಳಗೆ ಒಂದು ಸುತ್ತು ಮುಗಿಸಿದ ಗಾಡಿಗೆ ಒಂದು ಹಿತ್ತಾಳೆಯ ಬಿಲ್ಲೆ.

“ಭಾವ, ಇದು ಆ ಬಿಲ್ಲೆ ತಂದರೆ ಮನೇಲೇ ಇರಲಿ, ನಾನು ಸೊಲ್ಲೆತ್ತಲ್ಲ. ತರದಿದ್ದರೆ ಮಾರನೇ ದಿನ ಗುಜರಿಯವನು ಬರ್ತಾನೆ, ನೀವು ಸೊಲ್ಲೆತ್ತಬಾರದು” ಎಂದ ಭಾವಮೈದುನ.

ಬೇಕರಿಯವನು ಒಪ್ಪಿದ. ಎಲ್ಲೂ ನಿಲ್ಲದೆ ಹೋದರೆ ಎಂಟು ನಿಮಿಷ ಸಾಕು ಎಂದು ಅವನು ಲೆಕ್ಕ ಹಾಕಿದ್ದ. ಹೊರಡುವ ಮುಂಚೆ ವ್ಯಾನಿನ ಮೂತಿ ಒರೆಸಿ, ಇವತ್ತೊಂದು ದಿನ ಮಾನ ಉಳಿಸು ತಾಯಿ ಎಂದು ಬೇಡಿಕೊಂಡ. ಹಿಂದೆ ಒಂದು ತಟ್ಟೆ ಬನ್ನು ಇಟ್ಟ. ಅದನ್ನು ಮಾತ್ರ ಅವನು ಮರೆಯಲಿಲ್ಲ.

ಟ್ರ್ಯಾಕಿನಲ್ಲಿ ಗಾಡಿಗಳನ್ನು ಒಂದರ ಹಿಂದೊಂದು ಬಿಡುತ್ತಿದ್ದರು. ಮೊದಲು ಬಿಟ್ಟವು ಸುಂಯ್ಯೆಂದು ಮುಂದೆ ಹೋದವು. ವ್ಯಾನು ತನ್ನ ಪಾಡಿಗೆ ತಾನು ಗುಡುಗುಡು ಎನ್ನುತ್ತ ಹೋಯಿತು. ಮೊದಲ ತಿರುವು ಬಂತು. ಅಲ್ಲಿ ಬದಿಯಲ್ಲಿ ನಿಂತಿದ್ದ ಒಬ್ಬ ಹಳದಿ ಬಾವುಟ ಹಿಡಿದು ಕೈಯೆತ್ತಿದ.

ನಲವತ್ತು ವರ್ಷದ ರೂಢಿ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬೇಕರಿಯವನು ವ್ಯಾನನ್ನು ಹುಲ್ಲಿನ ಬದಿಗೆ ತಂದು, ಇಳಿದು, ಹಿಂದಿನ ಬಾಗಿಲು ತೆಗೆದು, ಎಷ್ಟು ಕೊಡಲಿ ಎಂದು ಕೇಳಿದ.

ಬಾವುಟದವನು ಕಕ್ಕಾಬಿಕ್ಕಿಯಾದ. “ಕರೆದದ್ದು ನಿಮ್ಮನ್ನಲ್ಲ ಯಜಮಾನರೇ. ಮುಂದೆ ನಿಧಾನದ ಗಾಡಿ ಇದೆ, ಹುಷಾರು ಅಂತ ಹಿಂದಿನವರಿಗೆ ಹೇಳಿದ್ದು” ಎಂದ. ಅಷ್ಟರಲ್ಲಿ ಬನ್ನಿನ ವಾಸನೆ ಅವನ ಮೂಗಿಗೆ ಬಡಿಯಿತು. ಆರು ಗಂಟೆಯಿಂದ ಬಿಸಿಲಲ್ಲಿ ನಿಂತವನು. ಓಟ ಮುಗಿಯುವ ತನಕ ಜಾಗ ಬಿಡುವ ಹಾಗಿಲ್ಲ, ಊಟ ಆಮೇಲೆಯೇ. ಅಲ್ಲಿ ಹಾದುಹೋಗುವವರು ಅವನ ಬಾವುಟ ನೋಡುತ್ತಿದ್ದರೇ ಹೊರತು ಅವನನ್ನಲ್ಲ. ಅವನು ಉಗುಳು ನುಂಗಿ, “ಬನ್ನು ಬಿಸಿ ಇದೆಯಾ?” ಎಂದು ಕೇಳಿದ.

ಬನ್ನು ಕೊಡುವುದರಲ್ಲಿ ಒಂದು ನಿಮಿಷ ಹೋಯಿತು. ಪರವಾಗಿಲ್ಲ, ಇನ್ನೂ ಹೊತ್ತಿತ್ತು. ಬೇಕರಿಯವನು ತನ್ನ ಪೆದ್ದುತನಕ್ಕೆ ತಾನೇ ನಾಚಿ, ಇನ್ನು ನಿಲ್ಲುವುದಿಲ್ಲ ಎಂದು ಹಲ್ಲು ಕಚ್ಚಿ ಹೊರಟ. ಎರಡನೆಯ ತಿರುವಿನಲ್ಲಿ ಇನ್ನೊಬ್ಬ ಬಾವುಟ ಎತ್ತಿದ. ಅದು ತನಗಲ್ಲ ಎಂದು ಬೇಕರಿಯವನಿಗೆ ಈಗ ಚೆನ್ನಾಗಿ ಗೊತ್ತು. ಆದರೆ ಇವನೂ ಆರು ಗಂಟೆಯಿಂದ ನಿಂತವನೇ ಎನ್ನುವುದೂ ಗೊತ್ತು. ಗುಜರಿಯವನ ಮುಖ ಕಣ್ಣಮುಂದೆ ಬಂತು. ತಪ್ಪಾಯ್ತು ತಾಯಿ ಎಂದು ಸ್ಟಿಯರಿಂಗನ್ನು ಸವರಿದ. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದ್ದು ಕಾಲು. ಇಲ್ಲಿ ಒತ್ತಿದವನು ಅವನೇ.

ಏಳು ತಿರುವು, ಏಳು ಬಾವುಟ. ವ್ಯಾನು ಸುತ್ತು ಮುಗಿಸುವ ಹೊತ್ತಿಗೆ ಇಪ್ಪತ್ತಮೂರು ನಿಮಿಷವಾಗಿತ್ತು. ಗಡಿಯಾರ ಹಿಡಿದವನು ಕೊಡೆ ಮಡಚಿಕೊಂಡು ಹೊರಟುಹೋಗಿದ್ದ.

ಭಾವಮೈದುನ ಗೇಟಿನಲ್ಲಿ ನಿಂತಿದ್ದ. ಏನಾಯಿತು ಎಂದು ಕೇಳಿದ. ಬೇಕರಿಯವನು ಇದ್ದದ್ದು ಇದ್ದ ಹಾಗೆ ಹೇಳಿ, ಗುಜರಿಯವನಿಗೆ ಹೇಳಿ ಕಳಿಸು ಎಂದು ತಲೆ ತಗ್ಗಿಸಿದ. ಆಗ ಓಟ ಮುಗಿದು, ಬಾವುಟದ ಏಳು ಜನರೂ ಅಲ್ಲಿಗೆ ಬಂದರು. ಆಗಷ್ಟೇ ಸಿಕ್ಕ ಊಟದ ಪೊಟ್ಟಣ ಇನ್ನೂ ಬಿಚ್ಚದೆ ಅವರ ಕಂಕುಳಲ್ಲೇ ಇತ್ತು. ವ್ಯಾನನ್ನು ಸುತ್ತುಗಟ್ಟಿ ನಿಂತು, ಒಬ್ಬೊಬ್ಬರೂ ಅದರ ಮೂತಿ ತಟ್ಟಿ, ಬರುವ ವರ್ಷವೂ ಇದು ಬರುತ್ತದಲ್ಲವೇ ಎಂದು ಭಾವಮೈದುನನನ್ನೇ ಕೇಳಿದರು. ಆತ ಎತ್ತಲೋ ನೋಡಿದ.

ಆದರೂ ಆಡಿದ ಮಾತು ತಪ್ಪುವವನಲ್ಲ. ಮಾರನೆಯ ದಿನ ಗುಜರಿಯವನನ್ನು ಕರೆಸಿದ. ಬಂದವನಿಗೆ, ‘ನಾಳೆ ಬಾ’ ಎಂದ. ಮಾರನೆಯ ದಿನವೂ ಅದನ್ನೇ ಹೇಳಿದ. ದೆವ್ವ ಒಳಗೆ ಬರದಿರಲೆಂದು ಜನ ಬಾಗಿಲ ಮೇಲೆ ಬರೆಯುತ್ತಾರಲ್ಲ, ಅದೇ ಮಾತು. ಗುಜರಿಯವನು ಇಂದಿಗೂ ಬಂದು ಹೋಗುತ್ತಲೇ ಇದ್ದಾನೆ.

ಕರಿಬಸಯ್ಯ ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ಅವನಿಗೆ ತನ್ನ ಚಿಂತೆ ನೆನಪಾಯಿತು. “ಏನೇ ಆದರೂ ಅವನು ಸೋತನಲ್ಲ, ಗುರುಗಳೇ” ಎಂದ.

“ಸೋತ. ಈಗ ಎದ್ದೇಳು, ಬಾಗಿಲಲ್ಲಿ ಒಬ್ಬ ಅಜ್ಜಿ ಕಾಗದ ಹಿಡಿದು ಆಗಿನಿಂದ ಕೂತಿದ್ದಾಳೆ, ಪಾಠ ಮುಗಿಸಿದವರು ಯಾರೂ ಬೇಡವಂತೆ, ನೀನೇ ಬೇಕಂತೆ” ಎಂದರು ಗುರುಗಳು.